ಹಸಿರು ಟೋಪಿಯ ಆಚೆ: ಪ್ರೈಮರಿ ಮಕ್ಕಳಿಗೆ ಐರಿಶ್ ಕಥೆಗಳನ್ನು ಓದಿ ಹೇಳುವುದು ಹೇಗೆ

ಮಾರ್ಚ್ ತಿಂಗಳು ಬಂತೆಂದರೆ ಅಮೆರಿಕದ ಎಲಿಮೆಂಟರಿ ಸ್ಕೂಲುಗಳ ಗೋಡೆಗಳೆಲ್ಲ ಹಸಿರಾಗುತ್ತವೆ. 17ನೇ ತಾರೀಕು ಸೇಂಟ್ ಪ್ಯಾಟ್ರಿಕ್ಸ್ ಡೇ, ಐರ್ಲೆಂಡಿನ ಸಂತ ಪ್ಯಾಟ್ರಿಕ್‌ನ ಹಬ್ಬ. ಆ ವಾರ ಯಾರಾದರೂ ಅಪ್ಪ ಅಮ್ಮ ಬಂದು ಮಕ್ಕಳಿಗೆ ಒಂದು ಐರಿಶ್ ಕಥೆ ಓದಿ ಹೇಳುತ್ತೀರಾ ಎಂದು ಟೀಚರ್ ಕೇಳುತ್ತಾರೆ. ನಾನು ಮೊದಲ ಸಲ ಒಪ್ಪಿಕೊಂಡಾಗ ಮಗಳು ಎರಡನೇ ಕ್ಲಾಸು. ಲೈಬ್ರರಿಯಲ್ಲಿ ಕಣ್ಣಿಗೆ ಬಿದ್ದ ಮೊದಲ ಪುಸ್ತಕದ ಮುಖಪುಟದಲ್ಲಿ ಹಸಿರು ಟೋಪಿ ಹಾಕಿದ ಕುಳ್ಳ ಮನುಷ್ಯ, ಪಕ್ಕದಲ್ಲಿ ಚಿನ್ನದ ಕೊಪ್ಪರಿಗೆ. ಅದನ್ನೇ ಓದಿದೆ. ಮಕ್ಕಳು ನಕ್ಕರು, ಚಪ್ಪಾಳೆ ತಟ್ಟಿದರು. ಹೊರಡುವಾಗ ಒಬ್ಬ ಹುಡುಗ ಹತ್ತಿರ ಬಂದು ಕೇಳಿದ, "ಐರ್ಲೆಂಡ್ ನಿಜವಾಗಲೂ ಇದೆಯಾ, ಇಲ್ಲಾ ಬರೀ ಕಥೆಯಲ್ಲಾ?"

ಇಪ್ಪತ್ತು ನಿಮಿಷ ಓದಿದ ಮೇಲೂ ಅಲ್ಲಿ ಮನುಷ್ಯರಿದ್ದಾರೆ, ಮಳೆ ಬರುತ್ತದೆ, ಅಮ್ಮಂದಿರು ರೊಟ್ಟಿ ಸುಡುತ್ತಾರೆ ಅನ್ನೋದು ಆ ಮಗುವಿಗೆ ಗೊತ್ತಾಗಿರಲಿಲ್ಲ. ತುಂಬಾ ದಿನ ಅದು ನನ್ನನ್ನು ಕಾಡಿತು. ಅಲ್ಲಿಂದೀಚೆಗೆ ಪ್ರತಿ ವರ್ಷ ಓದುತ್ತಿದ್ದೇನೆ, ಆದರೆ ಪುಸ್ತಕ ಆರಿಸುವ ರೀತಿ ಪೂರ್ತಿ ಬದಲಾಗಿದೆ. ಅಮೆರಿಕದಲ್ಲೋ ಐರ್ಲೆಂಡಿನಲ್ಲೋ ಇದ್ದು ಮಕ್ಕಳ ಕ್ಲಾಸಿಗೆ ಓದಲು ಹೋಗುವ ಕನ್ನಡದ ಅಪ್ಪ ಅಮ್ಮಂದಿರು ಬಹಳ ಜನ ಇದ್ದೀರಿ, ಟೀಚರುಗಳೂ ಇದ್ದೀರಿ. ನಿಮಗಾಗಿ ನಾನು ಕಲಿತದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ.

1. ಪುಸ್ತಕಕ್ಕಿಂತ ಮೊದಲು ಕ್ಲಾಸು ಯಾವುದು ನೋಡಿ

ಟೀಚರಿಗೆ ಮೂರು ಪ್ರಶ್ನೆ ಕೇಳಿ. ಎಷ್ಟು ನಿಮಿಷ ಕೊಡುತ್ತೀರಿ? ಮಕ್ಕಳು ಜಮಖಾನೆ ಮೇಲೆ ಕೂರುತ್ತಾರಾ, ಡೆಸ್ಕಿನಲ್ಲಾ? ಈಚೆಗೆ ಮನೆಯಲ್ಲಿ ಸಾವು ಕಂಡ ಮಗು ಯಾರಾದರೂ ಇದೆಯಾ? ಮೂರನೆಯದನ್ನು ಕೇಳೋಕೆ ಸಂಕೋಚ ಆಗಬಹುದು, ಆದರೂ ಕೇಳಿ. ಐರಿಶ್ ಕಥೆಗಳಲ್ಲಿ ಅಗಲಿಕೆ ಜಾಸ್ತಿ. ಹಡಗು ಹತ್ತುವುದು, ತಾಯಿ ಸಾಯುವುದು, ಮಕ್ಕಳು ಹಂಸಗಳಾಗಿ ಮುನ್ನೂರು ಮುನ್ನೂರು ವರ್ಷ ಚಳಿಯಲ್ಲಿ ತೇಲುವುದು, ಎಲ್ಲ ಬರುತ್ತವೆ.

ಕಿಂಡರ್‌ಗಾರ್ಟನ್ ಮಕ್ಕಳಿಗೆ ಹತ್ತು ನಿಮಿಷ ಸಾಕು. ಒಂದರಿಂದ ಮೂರನೇ ಕ್ಲಾಸಿಗೆ ಹದಿನೈದು, ಇಪ್ಪತ್ತು. ನಾಲ್ಕು ಐದನೇ ಕ್ಲಾಸಿನವರು ಒಳ್ಳೆ ಕಥೆ ಸಿಕ್ಕರೆ ಅರ್ಧ ಗಂಟೆ ಅಲುಗಾಡದೆ ಕೂರುತ್ತಾರೆ.

2. ಆರಿಸುವಾಗ ನಾನು ಮಾಡುವ ನಾಲ್ಕು ಪರೀಕ್ಷೆ

ಲೈಬ್ರರಿಯ ಕಪಾಟಿನ ಮುಂದೆ ನಿಂತೇ ಮಾಡಬಹುದಾದ ಪರೀಕ್ಷೆಗಳು ಇವು, ಐದು ನಿಮಿಷ ಹಿಡಿಯುತ್ತದೆ.

ಮೊದಲನೆಯದು, ಪುಸ್ತಕದಿಂದ ಕುಳ್ಳನನ್ನು ಮನಸ್ಸಿನಲ್ಲೇ ತೆಗೆದುಹಾಕಿ. ಉಳಿದದ್ದರಲ್ಲಿ ಹೆಸರಿರುವ ಒಬ್ಬ ಮನುಷ್ಯ, ಅವನು ಮಾಡುವ ಕೆಲಸ, ಒಂದು ಊರು ಇವೆಯಾ? ಇಲ್ಲದಿದ್ದರೆ ಕಪಾಟಿಗೆ ವಾಪಸ್. ಈ ಕುಳ್ಳನ ಹೆಸರೇ ಲೆಪ್ರಕಾನ್, ಅವನು ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಹಳೆಯ ಜನಪದದ ಲೆಪ್ರಕಾನ್ ಬಹಳ ಚೆನ್ನಾದ ಪಾತ್ರ. ಅವನು ಒಂಟಿ ಚಮ್ಮಾರ, ಪೊದೆಯ ಕೆಳಗೆ ಕೂತು ಟಕ್ ಟಕ್ ಅಂತ ಜೋಡು ಹೊಲಿಯುತ್ತಾನೆ. 19ನೇ ಶತಮಾನದ ಬರಹಗಳಲ್ಲಿ ಅವನ ಕೋಟು ಹೆಚ್ಚಾಗಿ ಕೆಂಪು, ಹಸಿರು ಬಂದದ್ದು ಆಮೇಲೆ. ಈ ಒಂದು ಮಾತು ಹೇಳಿ ನೋಡಿ, ಮಕ್ಕಳ ಕಣ್ಣು ಅರಳುತ್ತವೆ.

ಎರಡನೆಯದು, ಎಲೆ ಎಣಿಸಿ. ಐರ್ಲೆಂಡಿನ ಗುರುತಾದ ಪುಟ್ಟ ಸೊಪ್ಪು ಶ್ಯಾಮ್‌ರಾಕ್‌ಗೆ ಮೂರೇ ಎಲೆ. ನಾಲ್ಕೆಲೆ ಬಿಡಿಸಿ ಅದನ್ನೇ ಶ್ಯಾಮ್‌ರಾಕ್ ಎಂದು ಕರೆದ ಪುಸ್ತಕವಾದರೆ ಬರೆದವರು ಉಳಿದ ವಿಷಯವನ್ನೂ ನೋಡಿ ಬರೆದಿಲ್ಲ ಅಂತಲೇ ಲೆಕ್ಕ. ಹಾಗೆಯೇ ಹಬ್ಬದ ಅಡ್ಡಹೆಸರು "ಪ್ಯಾಡೀಸ್ ಡೇ". ಐರಿಶ್ ಭಾಷೆಯಲ್ಲಿ ಆ ಸಂತನ ಹೆಸರು ಪಾದ್ರಿಗ್, ಅದರಿಂದ ಪ್ಯಾಡಿ. "ಪ್ಯಾಟೀಸ್ ಡೇ" ಎಂದು ಬರೆದಿದ್ದರೆ ಅದು ಅಮೆರಿಕದ ತಪ್ಪು ರೂಢಿ.

ಮೂರನೆಯದು, ಜನರನ್ನು ಹೇಗೆ ಚಿತ್ರಿಸಿದ್ದಾರೆ? ಕುಡುಕರು, ಸೋಮಾರಿಗಳು, ಜಗಳಗಂಟರು ಎಂದು ಐರಿಶರನ್ನು ಹಂಗಿಸುವ ವ್ಯಂಗ್ಯಚಿತ್ರಗಳು ಹಿಂದೆ ಬ್ರಿಟನ್ನಿನ, ಅಮೆರಿಕದ ಪತ್ರಿಕೆಗಳ ತುಂಬ ಇರುತ್ತಿದ್ದವು. ಅದರ ನೆರಳು ಮಕ್ಕಳ ಪುಸ್ತಕಗಳ ಮೇಲೂ ಒಂದಿಷ್ಟು ಬಿದ್ದಿದೆ.

ನಾಲ್ಕನೆಯದು, ಒಂದು ಪುಟವನ್ನು ಪಿಸುದನಿಯಲ್ಲಾದರೂ ಬಾಯಿಬಿಟ್ಟು ಓದಿ. ಕಣ್ಣಿಗೆ ಚೆನ್ನಾಗಿದ್ದು ಬಾಯಿಗೆ ಬಾರದ ಪುಸ್ತಕಗಳು ಬೇಕಾದಷ್ಟಿವೆ.

3. ಯಾವ ವಯಸ್ಸಿಗೆ ಯಾವ ಪುಸ್ತಕ

ತೀರಾ ಚಿಕ್ಕವರಿಗೆ ಐರ್ಲೆಂಡಿನ ಬಗ್ಗೆಯೇ ಇರುವ ಪುಸ್ತಕ ಬೇಕಿಲ್ಲ, ಐರ್ಲೆಂಡಿನವರು ಬರೆದದ್ದಾದರೆ ಸಾಕು. ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಮಾರ್ಟಿನ್ ವಾಡೆಲ್ ಬರೆದ "ಔಲ್ ಬೇಬೀಸ್" (1992) ನನ್ನ ಮೊದಲ ಆಯ್ಕೆ. ಮೂರು ಗೂಬೆಮರಿಗಳು ರಾತ್ರಿ ಎಚ್ಚರವಾಗಿ ನೋಡಿದರೆ ಅಮ್ಮ ಇಲ್ಲ. ಕಥೆ ಇಷ್ಟೇ. ಕೊನೆಯ ಮರಿ ಪ್ರತಿ ಸಲ ಒಂದೇ ಮಾತು ಹೇಳುತ್ತದೆ, ಎರಡನೇ ಸಲಕ್ಕೆ ಇಡೀ ಕ್ಲಾಸು ಅದರ ಜೊತೆ ದನಿ ಸೇರಿಸುತ್ತದೆ. ಡಬ್ಲಿನ್ನಿನ ಕ್ರಿಸ್ ಹಾಟನ್ ಅವರ ಪುಸ್ತಕಗಳಲ್ಲಿ ಮಾತು ಕಡಿಮೆ, ಬಣ್ಣ ಜಾಸ್ತಿ. ಕೊನೆಯ ಸಾಲಿನಲ್ಲಿ ಕೂತ ಮಗುವಿಗೂ ಚಿತ್ರ ಕಾಣುತ್ತದೆ. ಓದಿ ಮುಗಿಸಿ, ಇದನ್ನು ಬರೆದವರ ಊರು ಇದು ಎಂದು ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿ.

ಒಂದರಿಂದ ಮೂರನೇ ಕ್ಲಾಸಿಗೆ ಒಂದೇ ಪುಸ್ತಕ ಆರಿಸು ಎಂದರೆ ನಾನು ಟಾಮಿ ಡಿಪಾವ್ಲಾ ಅವರ "ಫಿನ್ ಮೆಕೂಲ್: ದ ಜೈಂಟ್ ಆಫ್ ನಾಕ್‌ಮನಿ ಹಿಲ್" (1981) ಎತ್ತಿಕೊಳ್ಳುತ್ತೇನೆ. ಕಥೆ ಹಳೆಯದು. ವಿಲಿಯಂ ಕಾರ್ಲ್‌ಟನ್ ಎಂಬ ಐರಿಶ್ ಲೇಖಕ 19ನೇ ಶತಮಾನದಲ್ಲೇ ಅದನ್ನು ಬರೆದಿಟ್ಟಿದ್ದ. ಫಿನ್ ಒಬ್ಬ ದೈತ್ಯ. ಅವನಿಗಿಂತ ದೊಡ್ಡ ದೈತ್ಯ ಕುಕಲಿನ್ ಅವನನ್ನು ಹೊಡೆಯೋಕೆ ಬರುತ್ತಿದ್ದಾನೆ. ಸಿಡಿಲನ್ನೇ ದೋಸೆಯ ಹಾಗೆ ಚಪ್ಪಟೆ ಮಾಡಿ ಜೇಬಿನಲ್ಲಿ ಇಟ್ಟುಕೊಂಡು ಓಡಾಡುವ ಆಸಾಮಿ ಅವನು. ಫಿನ್ ಹೆದರಿ ಮನೆಗೆ ಓಡಿ ಬರುತ್ತಾನೆ. ಹೆಂಡತಿ ಊನಾ ಮಾತ್ರ ಹೆದರುವುದಿಲ್ಲ. ಗಂಡನಿಗೆ ಕುಲಾವಿ ಕಟ್ಟಿ ತೊಟ್ಟಿಲಲ್ಲಿ ಮಲಗಿಸುತ್ತಾಳೆ, ಒಳಗೆ ಕಬ್ಬಿಣ ಇಟ್ಟು ರೊಟ್ಟಿ ಸುಡುತ್ತಾಳೆ. ಬಂದವನು ಕಚ್ಚಿ ಹಲ್ಲು ಮುರಿದುಕೊಳ್ಳುತ್ತಾನೆ. "ನಮ್ಮ ಮಗುವೇ ಇದನ್ನು ತಿನ್ನುತ್ತದಪ್ಪಾ" ಅನ್ನುವ ಧಾಟಿಯಲ್ಲಿ ಅವಳು ತೊಟ್ಟಿಲಿಗೆ ಮೆತ್ತನೆಯ ರೊಟ್ಟಿ ಕೊಡುತ್ತಾಳೆ. ಇಂಥ ಮಗುವಿನ ಹಲ್ಲು ಹೇಗಿರಬಹುದು ಎಂದು ಕುಕಲಿನ್ ಅದರ ಬಾಯಿಗೆ ಬೆರಳು ಹಾಕುತ್ತಾನೆ. ಅವನ ಶಕ್ತಿಯೆಲ್ಲ ಇರುವುದು ಅದೇ ಹಿತ್ತಾಳೆ ಬೆರಳಿನಲ್ಲಿ! ಮುಂದೇನಾಯಿತು ಅನ್ನೋದು ನಿಮಗೆ ಗೊತ್ತಾಯಿತಲ್ವಾ?

ಈ ಕಥೆ ಓದಿದ ಮೇಲೆ ಜೈಂಟ್ಸ್ ಕಾಸ್‌ವೇ ಫೋಟೋ ತೋರಿಸಲೇಬೇಕು. ಫಿನ್ ಕಟ್ಟಿದ ದಾರಿ ಅದೇ ಎಂದು ಜನಪದದ ಮಾತು. ಉತ್ತರ ಐರ್ಲೆಂಡಿನ ಆಂಟ್ರಿಮ್ ಕರಾವಳಿಯಲ್ಲಿ ಸುಮಾರು 40,000 ಕಲ್ಲುಕಂಬಗಳು ಜೋಡಿಸಿಟ್ಟ ಹಾಗೆ ನಿಂತಿವೆ, ಬಹುಪಾಲು ಆರು ಮೂಲೆಯವು. ಕಾದ ಲಾವಾ ತಣ್ಣಗಾಗುತ್ತ ಬಿರಿದು ಆದ ಕಂಬಗಳು ಅವು, 1986ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ. ನಮಗೆ ಇದು ಹೊಸದಲ್ಲ. ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸಿಗುವ ಸೇಂಟ್ ಮೇರೀಸ್ ದ್ವೀಪದ ಕಂಬಕಲ್ಲುಗಳೂ ಹೀಗೇ ಲಾವಾದಿಂದಲೇ ಆದವು. ನಾನು ಎರಡೂ ಫೋಟೋ ಅಕ್ಕಪಕ್ಕ ಹಿಡಿದು, ಯಾವುದು ಐರ್ಲೆಂಡು, ಯಾವುದು ನಮ್ಮೂರ ಕಡೆಯದು ಹೇಳಿ ನೋಡೋಣ ಎಂದು ಕೇಳುತ್ತೇನೆ. ತೆಂಗಿನಮರ ಕಂಡ ಮಗು ಮೊದಲು ಕೂಗುತ್ತದೆ.

ಡಿಪಾವ್ಲಾ ಅವರದೇ "ಜೇಮಿ ಓ'ರೂರ್ಕ್ ಅಂಡ್ ದ ಬಿಗ್ ಪೊಟೇಟೋ" (1992) ಕೂಡ ಓದಲು ಮಜವಾಗಿದೆ. ಊರ ದಾರಿಯನ್ನೇ ಮುಚ್ಚುವಷ್ಟು ದೊಡ್ಡ ಆಲೂಗಡ್ಡೆ, ತಿಂದು ತಿಂದು ಸಾಕಾದ ಊರವರು. ಆದರೆ ಜೇಮಿ ಇಡೀ ಐರ್ಲೆಂಡಿನ ಮಹಾ ಸೋಮಾರಿ, ಮೇಲೆ ಹೇಳಿದ ಮೂರನೇ ಪರೀಕ್ಷೆ ಇಲ್ಲಿ ನೆನಪಿಟ್ಟುಕೊಳ್ಳಿ. ಇದೊಂದನ್ನೇ ಓದಿ ಬರಬೇಡಿ. ಊನಾಳ ಕಥೆಯ ಜೊತೆ ಓದಿದರೆ ಸರಿಹೋಗುತ್ತದೆ, ಯಾಕೆಂದರೆ ಒಂದರಲ್ಲಿ ಸೋಮಾರಿ ಇದ್ದರೆ ಇನ್ನೊಂದರಲ್ಲಿ ಜಾಣೆ ಇದ್ದಾಳೆ, ನಮ್ಮ ಜನಪದ ಕಥೆಗಳಲ್ಲೂ ಇಬ್ಬರೂ ಇರುತ್ತಾರಲ್ಲ, ಹಾಗೆ.

ಈವ್ ಬಂಟಿಂಗ್ ಹುಟ್ಟಿದ್ದು ಉತ್ತರ ಐರ್ಲೆಂಡಿನ ಮಘೆರಾದಲ್ಲಿ, 1928ರಲ್ಲಿ. ಆಮೇಲೆ ಅಮೆರಿಕಕ್ಕೆ ಬಂದರು. ಅವರ "ಸೇಂಟ್ ಪ್ಯಾಟ್ರಿಕ್ಸ್ ಡೇ ಇನ್ ದ ಮಾರ್ನಿಂಗ್" ಹಬ್ಬದ ದಿನಕ್ಕೇ ಸರಿಯಾದ ಪುಸ್ತಕ. ನೀನಿನ್ನೂ ಚಿಕ್ಕವನು, ಮೆರವಣಿಗೆಗೆ ಬೇಡ ಎನ್ನಿಸಿಕೊಂಡ ಜೇಮಿ ಎಂಬ ಹುಡುಗ ಎಲ್ಲರೂ ಮಲಗಿರುವಾಗಲೇ ಎದ್ದು, ನಾಯಿಯ ಜೊತೆ ಗುಡ್ಡದ ತುದಿಗೆ ತನ್ನದೇ ಮೆರವಣಿಗೆ ಹೊರಡುತ್ತಾನೆ. ಮನೆಯಲ್ಲಿ ಕೊನೆಯ ಮಗುವಾಗಿರುವ ಯಾರನ್ನಾದರೂ ನೋಡಿ, ಓದುವಾಗ ಮುಖ ಹೇಗೆ ಬದಲಾಗುತ್ತದೆ ಅಂತ.

ಸಂತನ ಬಗ್ಗೆಯೇ ಕೇಳಿದರೆ ನೇರವಾಗಿ ಹೇಳಿ. ಪ್ಯಾಟ್ರಿಕ್ 5ನೇ ಶತಮಾನದವನು, ಹುಟ್ಟಿದ್ದು ಬ್ರಿಟನ್ನಿನಲ್ಲಿ. ಹದಿನಾರರ ವಯಸ್ಸಿನಲ್ಲಿ ಐರಿಶ್ ದಾಳಿಕೋರರು ಹಿಡಿದುಕೊಂಡು ಹೋದರು, ಆರು ವರ್ಷ ಕುರಿ ಮೇಯಿಸಿದ, ತಪ್ಪಿಸಿಕೊಂಡ, ಆಮೇಲೆ ತಾನಾಗಿಯೇ ಅದೇ ದೇಶಕ್ಕೆ ವಾಪಸ್ ಹೋದ. ಲ್ಯಾಟಿನ್ನಿನಲ್ಲಿ ಅವನೇ ಬರೆದುಕೊಂಡ ತನ್ನ ಕಥೆ ಇವತ್ತಿಗೂ ಉಳಿದಿದೆ. ಹಾವು ಓಡಿಸಿದ್ದು ದಂತಕಥೆ. ಹಿಮಯುಗ ಕಳೆದ ಮೇಲೆ ಆ ದ್ವೀಪಕ್ಕೆ ಹಾವುಗಳು ತಲುಪಲೇ ಇಲ್ಲ.

ನಾಲ್ಕು ಐದನೇ ಕ್ಲಾಸಿಗೆ ಬಂದರೆ ಕಣಜವೇ ಇದೆ. 16ನೇ ಶತಮಾನದ ಕಡಲ ಒಡತಿ ಗ್ರೇಸ್ ಓ'ಮ್ಯಾಲಿ, ಮಗನನ್ನು ಬಿಡಿಸಿಕೊಳ್ಳಲು 1593ರಲ್ಲಿ ಇಂಗ್ಲೆಂಡಿನ ರಾಣಿ ಎಲಿಜಬೆತ್ ಎದುರಿಗೇ ಹೋಗಿ ನಿಂತವಳು, ಅವಳ ಮೇಲೆ ಎಮಿಲಿ ಆರ್ನಲ್ಡ್ ಮೆಕಲಿ ಅವರ "ದ ಪೈರೇಟ್ ಕ್ವೀನ್" ಇದೆ. ಜೋ ಎಲೆನ್ ಬೋಗಾರ್ಟ್ ಅವರ "ದ ವೈಟ್ ಕ್ಯಾಟ್ ಅಂಡ್ ದ ಮಂಕ್" ಇದೆ. 9ನೇ ಶತಮಾನದಲ್ಲಿ ಒಬ್ಬ ಐರಿಶ್ ಸನ್ಯಾಸಿ ತನ್ನ ಬೆಕ್ಕು ಪಂಗುರ್ ಬಾನ್ ಬಗ್ಗೆ ಬರೆದ ಪದ್ಯ ಅದಕ್ಕೆ ಆಧಾರ. ಅವನು ಪುಸ್ತಕದಲ್ಲಿ ಅರ್ಥ ಹುಡುಕುತ್ತಾನೆ, ಬೆಕ್ಕು ಇಲಿ ಹುಡುಕುತ್ತದೆ, ಇಬ್ಬರಿಗೂ ಅವರವರ ಕೆಲಸ. ಗಲಾಟೆ ಕ್ಲಾಸಿಗೆ ಮಧ್ಯಾಹ್ನದ ಊಟ ಆದಮೇಲೆ ಇದನ್ನು ಓದಿದರೆ ಕೋಣೆ ತಾನಾಗಿಯೇ ತಣ್ಣಗಾಗುತ್ತದೆ.

ವಲಸೆ ಬಂದ ಮನೆಗಳ ಮಕ್ಕಳಿರುವ ಕ್ಲಾಸಾದರೆ ಬಂಟಿಂಗ್ ಅವರ "ಡ್ರೀಮಿಂಗ್ ಆಫ್ ಅಮೆರಿಕಾ" ಬಿಡಬೇಡಿ. 1892ರ ಜನವರಿ 1ರಂದು ನ್ಯೂಯಾರ್ಕಿನಲ್ಲಿ ವಲಸೆ ಬಂದವರನ್ನು ಬರಮಾಡಿಕೊಳ್ಳುವ ಎಲ್ಲಿಸ್ ಐಲೆಂಡ್ ಕೇಂದ್ರ ಬಾಗಿಲು ತೆರೆದಾಗ ಮೊದಲು ಒಳಗೆ ಕಾಲಿಟ್ಟವಳು ಐರ್ಲೆಂಡಿನ ಕಾರ್ಕ್ ಕೌಂಟಿಯ, ಅಂದರೆ ಜಿಲ್ಲೆಯ, ಹುಡುಗಿ ಆ್ಯನಿ ಮೂರ್, ಇಬ್ಬರು ತಮ್ಮಂದಿರನ್ನು ಕರೆದುಕೊಂಡು. ಕೈಗೆ 10 ಡಾಲರಿನ ಚಿನ್ನದ ನಾಣ್ಯ ಕೊಟ್ಟರು. ಅಪ್ಪ ಅಮ್ಮ ಮೊದಲೇ ನ್ಯೂಯಾರ್ಕ್ ಸೇರಿದ್ದರು. ಅವಳಿಗೆ 15 ವರ್ಷ ಎಂದು ಹಳೆಯ ಕಥೆಗಳು ಹೇಳುತ್ತವೆ, ದಾಖಲೆ ಪ್ರಕಾರ 17. ಈ ವ್ಯತ್ಯಾಸವನ್ನೂ ಮಕ್ಕಳ ಮುಂದಿಡಿ, ಐದನೇ ಕ್ಲಾಸಿನವರು ಇಂಥದ್ದನ್ನು ಬಹಳ ಇಷ್ಟಪಡುತ್ತಾರೆ.

4. ಹೆಸರುಗಳು: ಇಲ್ಲಿ ಕನ್ನಡ ನಿಮ್ಮ ಕೈ ಹಿಡಿಯುತ್ತದೆ

ಐರಿಶ್ ಹೆಸರು ಕಂಡರೆ ಹೆಚ್ಚಿನವರು ಗಾಬರಿಯಾಗುತ್ತಾರೆ. ಸ್ಪೆಲ್ಲಿಂಗ್ ಒಂದು, ಉಚ್ಚಾರ ಇನ್ನೊಂದು. ಆದರೆ ಕನ್ನಡ ಓದೋಕೆ ಬರುವವರಿಗೆ ಇದು ಉಳಿದವರಿಗಿಂತ ಸುಲಭ. ಒಂದು ಸಲ ಹೆಸರನ್ನು ಕನ್ನಡದಲ್ಲಿ ಬರೆದುಕೊಂಡರೆ ಮುಗಿಯಿತು, ಬರೆದಂತೆ ಓದಬಹುದು. ಲೈಬ್ರರಿ ಪುಸ್ತಕದ ಮೇಲೆ ಬರೆಯಬೇಡಿ. ಚಿಕ್ಕ ಹಳದಿ ಅಂಟುಚೀಟಿ ತಗೊಂಡು, ಹೆಸರು ಮೊದಲು ಬರುವ ಪುಟದಲ್ಲಿ ಅಂಟಿಸಿ.

ನನ್ನ ಚೀಟಿಗಳಲ್ಲಿ ಇರುವ ಕೆಲವು: ನೀವ್, ಶಿವಾನ್, ಈಫ, ಒಶೀನ್, ಫಿನೂಲ, ಶಾನ್. ಮೊದಲನೆಯದು ಹುಡುಗಿಯ ಹೆಸರು, ನಾವು ದೊಡ್ಡವರನ್ನು ಕರೆಯುವ "ನೀವು"ಗೆ ಕೊನೆಯ ಉಕಾರ ಬಿಟ್ಟರೆ ಅದೇ. ಇಂಗ್ಲಿಷ್ ಅಕ್ಷರ ನೋಡಿಕೊಂಡು ಓದಿದರೆ "ನಿಯಾಮ್" ಅಂತ ಬಾಯಿಗೆ ಬರುತ್ತದೆ.

ಮೂರು ಸೂತ್ರ ನೆನಪಿಟ್ಟುಕೊಂಡರೆ ಅರ್ಧ ಕೆಲಸ ಆಯಿತು. ಬಿ, ಎಚ್ ಒಟ್ಟಿಗೆ ಬಂದರೆ ನಮ್ಮ ಕಣ್ಣಿಗೆ ಭ ಕಾಣುತ್ತದೆ, ಅಲ್ಲಿ ಅದು ವ. ಎಂ, ಎಚ್ ಸೇರಿದರೂ ಹೆಚ್ಚಾಗಿ ವ. ಎಸ್ ಅಕ್ಷರದ ಪಕ್ಕ ಇ ಅಥವಾ ಐ ಇದ್ದರೆ ಶ. ಇನ್ನು ಸ್ವರದ ನೆತ್ತಿಯ ಮೇಲೆ ಓರೆಗೆರೆ ಇದ್ದರೆ ಅದು ದೀರ್ಘ. ಆ ಗೆರೆಯ ಹೆಸರೇ ಫದ, ಫದ ಅಂದರೆ ಉದ್ದ ಎಂದರ್ಥ. ಹ್ರಸ್ವ ದೀರ್ಘ ಕಲಿತೇ ಅಕ್ಷರಾಭ್ಯಾಸ ಮಾಡಿದವರು ನಾವು, ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಇದೇ ಪದದಿಂದ ಐರಿಶ್ ಕಥೆಗಳ ಆರಂಭವೂ ಬಂದಿದೆ: "ಫದೋ, ಫದೋ". ನಮ್ಮ "ಒಂದಾನೊಂದು ಕಾಲದಲ್ಲಿ" ಇದ್ದ ಹಾಗೆ. ಆ ದ ನಮ್ಮ ದಕಾರವೇ, ನಾಲಿಗೆ ಹಲ್ಲಿಗೆ ತಾಗಬೇಕು. ಇಂಗ್ಲಿಷ್ ಮಾತ್ರ ಬಲ್ಲ ಮಕ್ಕಳು "ಫಡೋ" ಅನ್ನುತ್ತಾರೆ, ಒಂದೆರಡು ಸಲ ಹೇಳಿಕೊಟ್ಟರೆ ಹಿಡಿಯುತ್ತಾರೆ.

ಇಷ್ಟಾದ ಮೇಲೂ ಅನುಮಾನವಿದ್ದರೆ ಐರ್ಲೆಂಡಿನವರು ಆ ಹೆಸರು ಹೇಳುವ ವಿಡಿಯೋ ಹುಡುಕಿ ಕೇಳಿ. ಒಂದೇ ಹೆಸರನ್ನು ಒಂದೊಂದು ಕಡೆ ಒಂದೊಂದು ಥರ ಹೇಳುತ್ತಾರೆ, ಯಾವುದಾದರೂ ಒಂದನ್ನು ಹಿಡಿದು ಕೊನೆವರೆಗೂ ಅದನ್ನೇ ಹೇಳಿ.

5. ಮನೆಯಲ್ಲಿ ಎರಡು ಸಲ ಓದಿ

ಮೊದಲ ಸಲ ಗಡಿಯಾರ ಇಟ್ಟುಕೊಂಡು. ಹತ್ತು ನಿಮಿಷದಲ್ಲಿ ಮುಗಿದರೆ ಕ್ಲಾಸಿನಲ್ಲಿ ಹದಿನೈದು ಆಗುತ್ತದೆ, ಮಕ್ಕಳ ಪ್ರಶ್ನೆಗಳನ್ನೂ ಸೇರಿಸಿ. ಎರಡನೇ ಸಲ ನಿಂತುಕೊಂಡು, ಪುಸ್ತಕವನ್ನು ಕಿವಿಯ ಪಕ್ಕ, ಚಿತ್ರ ಎದುರಿಗೆ ಕಾಣುವಂತೆ ಹಿಡಿದು. ಹಾಗೆ ಹಿಡಿದರೆ ಅಕ್ಷರ ಓರೆಯಾಗಿ ಕಾಣುತ್ತದೆ, ಅದಕ್ಕೇ ಅರ್ಧದಷ್ಟಾದರೂ ಬಾಯಿಗೆ ಬಂದಿರಬೇಕು. ಎಲ್ಲಿ ನಿಲ್ಲಿಸಬೇಕು ಅನ್ನೋದನ್ನು ಆಗಲೇ ಗುರುತು ಮಾಡಿ. ಒಂದು ಪುಸ್ತಕಕ್ಕೆ ಮೂರು ಕಡೆ ನಿಂತರೆ ಸಾಕು. ಅದಕ್ಕಿಂತ ಜಾಸ್ತಿ ನಿಂತರೆ ಕಥೆಯ ಓಟ ಸತ್ತುಹೋಗುತ್ತದೆ.

6. ಕ್ಲಾಸಿನಲ್ಲಿ

ಮೊದಲು ನಕ್ಷೆ. ಐರ್ಲೆಂಡ್ ದ್ವೀಪ ಸುಮಾರು 84,000 ಚದರ ಕಿಲೋಮೀಟರ್, ನಮ್ಮ ಕರ್ನಾಟಕದ ಅರ್ಧಕ್ಕಿಂತ ಕಡಿಮೆ. ಒಟ್ಟು 32 ಕೌಂಟಿ. ಅದರಲ್ಲಿ 26 ಐರ್ಲೆಂಡ್ ಗಣರಾಜ್ಯದ್ದು, 6 ಉತ್ತರ ಐರ್ಲೆಂಡಿನದು, ಅದು ಯುನೈಟೆಡ್ ಕಿಂಗ್‌ಡಮ್‌ನ ಭಾಗ. ಚಿಕ್ಕವರಿಗೆ ಇಷ್ಟೆಲ್ಲ ಬೇಡ, "ಇಲ್ಲಿ ನಾವು, ನಡುವೆ ಸಮುದ್ರ, ಅಲ್ಲಿ ಅವರು" ಎಂದರೆ ಸಾಕು.

ಆಮೇಲೆ ಎಲ್ಲರೂ ಸೇರಿ "ಫದೋ, ಫದೋ" ಅನ್ನಿಸಿ. ಕಥೆ ಶುರುವಾಯಿತು ಅನ್ನೋದಕ್ಕೆ ಅದೇ ಗಂಟೆ.

ಒಂದು ಮಾತು ಒತ್ತಿ ಹೇಳುತ್ತೇನೆ. ಐರಿಶ್ ಉಚ್ಚಾರದ ಅನುಕರಣೆ ಮಾಡಬೇಡಿ. ನಮ್ಮ ಮಾತಿನ ಧಾಟಿಯನ್ನು ಯಾರಾದರೂ ಅಣಕಿಸಿದರೆ ನಮಗೆ ಹೇಗಾಗುತ್ತದೆ ಎಂದು ನಮಗೆ ಚೆನ್ನಾಗಿ ಗೊತ್ತು. ನಿಮ್ಮ ಕನ್ನಡದ ಧಾಟಿಯ ಇಂಗ್ಲಿಷಿನಲ್ಲೇ ಓದಿ, ಅದರಲ್ಲಿ ತಪ್ಪೇನೂ ಇಲ್ಲ. ಪಾತ್ರಗಳನ್ನು ಬೇರೆ ಮಾಡೋಕೆ ದನಿಯ ಎತ್ತರ, ವೇಗ ಬದಲಾಯಿಸಿದರೆ ಸಾಕು. ಫಿನ್‌ಗೆ ತಡವರಿಸುವ ದನಿ, ಊನಾಗೆ ಒಲೆ ಮುಂದೆ ನಿಂತು ಮಾತಾಡುವ ಅಮ್ಮನ ನಿಧಾನ. ಕುಕಲಿನ್ ಬರುವಾಗ ನಾನು ಅಂಗೈಯಿಂದ ನೆಲಕ್ಕೆ ಬಡಿಯುತ್ತೇನೆ, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಮಕ್ಕಳೂ ಬಡಿಯುತ್ತಾರೆ, ಒಂದು ನಿಮಿಷದಲ್ಲಿ ಇಡೀ ಕೋಣೆ ನಡುಗುತ್ತಿರುತ್ತದೆ. ಬಾಗಿಲು ತಟ್ಟಿದ ಕೂಡಲೇ ಕೈ ಎತ್ತಿ ಹಿಡಿಯುತ್ತೇನೆ. ಪೂರ್ತಿ ನಿಶ್ಶಬ್ದ. ಬೆರಳು ಬಾಯಿಗೆ ಹೋಗುವ ಪುಟದಲ್ಲಿ ಐದು ಎಣಿಸುವಷ್ಟು ಹೊತ್ತು ಸುಮ್ನೆ ನಿಂತುಬಿಡಿ. ಮುಂದಿನ ಸಾಲಿನ ಮಕ್ಕಳು ತಾವೇ ಬಾಯಿ ಮುಚ್ಚಿಕೊಂಡು ಕೂತಿರುತ್ತಾರೆ.

7. ಬರಗಾಲದ ಕಥೆ ಓದುವಾಗ

ಇದು ನಾಲ್ಕನೇ ಕ್ಲಾಸಿನಿಂದ ಮೇಲಿನವರಿಗೆ. ಟೀಚರಿಗೆ ಮೊದಲೇ ಹೇಳಿಯೇ ಓದಿ.

1845ರಲ್ಲಿ ಆಲೂಗಡ್ಡೆ ಬೆಳೆಗೆ ಅಂಗಮಾರಿ ಬಿತ್ತು. ಬಡವರಿಗೆ ಅದೇ ಊಟ, ಮೂರು ಹೊತ್ತೂ. ಮುಂದಿನ ಏಳು ವರ್ಷದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಹತ್ತು ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟರು. 1841ರಲ್ಲಿ 80 ಲಕ್ಷ ದಾಟಿದ್ದ ಜನಸಂಖ್ಯೆ 1851ಕ್ಕೆ 65 ಲಕ್ಷದ ಹತ್ತಿರ ಬಂತು. ಮಕ್ಕಳು ತಪ್ಪದೆ ಒಂದು ಪ್ರಶ್ನೆ ಕೇಳುತ್ತಾರೆ: ಬೇರೆ ಏನಾದರೂ ತಿನ್ನಬಹುದಿತ್ತಲ್ಲ? ಇದಕ್ಕೆ ತಯಾರಾಗಿ ಹೋಗಿ. ಧಾನ್ಯ ಇತ್ತು, ದನ ಇತ್ತು, ಬೆಣ್ಣೆ ಇತ್ತು. ಅವು ಜಮೀನ್ದಾರರ ಗೇಣಿಗೆ ಹೋಗುತ್ತಿದ್ದವು, ಆ ವರ್ಷಗಳಲ್ಲೂ ಹಡಗಿನಲ್ಲಿ ಇಂಗ್ಲೆಂಡಿಗೆ ಹೋದವು. ಬಡವರ ಕೈಯಲ್ಲಿ ಕೊಳ್ಳೋಕೆ ದುಡ್ಡಿರಲಿಲ್ಲ. ನಮ್ಮ ಮೈಸೂರು ಸೀಮೆಯ 1876–78ರ ಧಾತು ಬರದ ಬಗ್ಗೆ ಹಿರಿಯರಿಂದ ಕೇಳಿದವರಿಗೆ ಇದೇನೂ ದೂರದ ಮಾತು ಅನ್ನಿಸುವುದಿಲ್ಲ.

ಮರಿಟಾ ಕಾನ್ಲನ್ ಮೆಕೆನಾ ಅವರ "ಅಂಡರ್ ದ ಹಾಥಾರ್ನ್ ಟ್ರೀ" (1990) ಈ ಬರದ ಕಾಲದಲ್ಲಿ ಮೂರು ಮಕ್ಕಳು ಅಜ್ಜಿಯ ಅಕ್ಕತಂಗಿಯರನ್ನು ಹುಡುಕಿಕೊಂಡು ನಡೆದುಹೋಗುವ ಕಾದಂಬರಿ. ದಿನಕ್ಕೊಂದು ಅಧ್ಯಾಯದಂತೆ ಓದಬೇಕು, ಹಾಗಾಗಿ ಇದು ಟೀಚರ್ ಕೈಯಲ್ಲಿ ಚೆನ್ನ. ಮೊದಲಲ್ಲೇ ಎಳೆ ಮಗುವಿನ ಸಾವು ಬರುತ್ತದೆ. ದಾಟಿಸಿ ಓದಬೇಡಿ, ದನಿ ಇಳಿಸಿ, ನಿಧಾನವಾಗಿ ಓದಿ, ಮುಗಿದ ಮೇಲೆ ಕೂಡಲೇ ಪ್ರಶ್ನೆ ಕೇಳಬೇಡಿ.

ಒಂದೇ ದಿನ ಇದ್ದರೆ ಮರಿ ಲೂಯಿಸ್ ಫಿಟ್ಜ್‌ಪ್ಯಾಟ್ರಿಕ್ ಅವರ "ದ ಲಾಂಗ್ ಮಾರ್ಚ್" (1998) ಓದಿ. ಇಡೀ ಪುಸ್ತಕ ಪೆನ್ಸಿಲ್ ಚಿತ್ರ, ಬಣ್ಣ ಇಲ್ಲ. ಅಮೆರಿಕದ ಮೂಲನಿವಾಸಿಗಳಾದ ಚೊಕ್ಟಾ ಜನರನ್ನು 1830ರ ದಶಕದಲ್ಲಿ ಅವರ ನೆಲದಿಂದ ಓಡಿಸಿದ್ದರು, ದಾರಿಯಲ್ಲೇ ಎಷ್ಟೋ ಜನ ಸತ್ತರು. ಅಂಥವರು 1847ರಲ್ಲಿ, ಎಂದೂ ಕಾಣದ ಐರ್ಲೆಂಡಿನ ಹಸಿದವರಿಗೆ ಅಂತ 170 ಡಾಲರ್ ಕೂಡಿಸಿ ಕಳಿಸಿದರು. ಅದರ ನೆನಪಿಗೆ ಇವತ್ತು ಕೌಂಟಿ ಕಾರ್ಕ್‌ನ ಮಿಡಲ್‌ಟನ್ನಿನಲ್ಲಿ ಒಂಬತ್ತು ಉಕ್ಕಿನ ಗರಿಗಳು ಬೊಗಸೆಯ ಆಕಾರದಲ್ಲಿ ನಿಂತಿವೆ. 2020ರಲ್ಲಿ ಕೋವಿಡ್ ಬಂದಾಗ ಐರ್ಲೆಂಡಿನ ಎಷ್ಟೋ ಜನ ಈ ಋಣ ನೆನೆದು ಅಮೆರಿಕದ ಮೂಲನಿವಾಸಿಗಳೇ ಆದ ನವಾಹೋ ಮತ್ತು ಹೋಪಿ ಜನರಿಗೆ ದುಡ್ಡು ಕಳಿಸಿದರು. ಈ ಪುಸ್ತಕ ಓದುವಾಗ ನನ್ನ ದನಿ ಪ್ರತಿ ಸಲ ಒಂದು ಕಡೆ ಕಟ್ಟುತ್ತದೆ. ಕಟ್ಟಿದರೆ ಕಟ್ಟಲಿ, ಮಕ್ಕಳು ಕಾಯುತ್ತಾರೆ.

8. ಅದೇ ಕಥೆ ಮನೆಯಲ್ಲಿ ಕನ್ನಡದಲ್ಲಿ

ಕ್ಲಾಸಿನಲ್ಲಿ ಇಂಗ್ಲಿಷಿನಲ್ಲಿ ಓದಿದ್ದನ್ನು ಆ ರಾತ್ರಿ ಮಗುವಿಗೆ ಕನ್ನಡದಲ್ಲಿ ಹೇಳಿ. ಕಥೆ ಆಗಲೇ ಗೊತ್ತಿರುವುದರಿಂದ ಕನ್ನಡ ಕಷ್ಟವಾಗುವುದಿಲ್ಲ. ಮಾಲಕಿ ಡಾಯ್ಲ್ ಅವರ "ಟೇಲ್ಸ್ ಫ್ರಮ್ ಓಲ್ಡ್ ಐರ್ಲೆಂಡ್" (2000) ಸಂಗ್ರಹದಲ್ಲಿ ಲಸ್ಮೋರ್ ಎಂಬ ಗೂನುಬೆನ್ನಿನವನ ಕಥೆ ಇದೆ. ಗುಡ್ಡದೊಳಗೆ ಯಕ್ಷಿಣಿಯರು ಸೋಮವಾರ, ಮಂಗಳವಾರ, ಸೋಮವಾರ, ಮಂಗಳವಾರ ಎಂದು ಅಷ್ಟನ್ನೇ ಹಾಡುತ್ತಿರುತ್ತಾರೆ. ಇವನು ಇನ್ನೊಂದು ವಾರದ ಹೆಸರು ಸೇರಿಸಿ ಹಾಡಿದಾಗ ಖುಷಿಯಾಗಿ ಅವನ ಬೆನ್ನಿನ ಭಾರ ಇಳಿಸುತ್ತಾರೆ. ಗೂನು ಅನ್ನೋದು ನಗುವ ವಿಷಯವಲ್ಲ ಎಂದು ಮೊದಲೇ ಹೇಳಿ, ಆಮೇಲೆ ಹಾಡಿಸಿ. ಐರಿಶಿನಲ್ಲಿ ಸೋಮವಾರ "ಡೇ ಲೂಯಿನ್", ಅದು ಚಂದ್ರನಿಂದ ಬಂದದ್ದು, ನಮ್ಮ ಸೋಮನ ಹಾಗೆ. ಮಂಗಳವಾರ "ಡೇ ಮಾರ್ಟ್", ಮಂಗಳ ಗ್ರಹದ ಮಾರ್ಸ್‌ನಿಂದ. ಎರಡು ಭಾಷೆ, ಒಂದೇ ಚಂದ್ರ, ಒಂದೇ ಮಂಗಳ. ನನ್ನ ಮಗಳು ಒಂದು ವಾರ ಹಲ್ಲುಜ್ಜುವಾಗಲೂ ಇದನ್ನೇ ಹಾಡುತ್ತಿದ್ದಳು.

ಇದರ ಜೊತೆ ದೊಡ್ಡ ಮಕ್ಕಳಿಗೆ ನಾನು ಇನ್ನೊಂದು ಸಂಗತಿ ಹೇಳುತ್ತೇನೆ. 1924ರಲ್ಲಿ ಮೈಸೂರಿಗೆ ಬಂದಿದ್ದ ಬೆಲ್‌ಫಾಸ್ಟ್ ಮೂಲದ ಕವಿ ಜೇಮ್ಸ್ ಕಸಿನ್ಸ್, ಇಂಗ್ಲಿಷಿನಲ್ಲಿ ಕವಿತೆ ಬರೆದು ತೋರಿಸಿದ ಒಬ್ಬ ಯುವಕನಿಗೆ ನಿನ್ನ ಭಾಷೆಯಲ್ಲಿ ಏನು ಬರೆದಿದ್ದೀಯ ಎಂದು ಕೇಳಿದರು, ಕನ್ನಡದಲ್ಲಿ ಬರೆ ಎಂದರು. ಆ ಯುವಕ ಕುವೆಂಪು. ತಮ್ಮ ಭಾಷೆ ಕೈತಪ್ಪುವುದನ್ನು ಕಂಡ ನಾಡಿನಿಂದ ಬಂದವರು ಕಸಿನ್ಸ್.

9. ಓದಿದ ಮೇಲೆ ಬಣ್ಣ ಹಚ್ಚಿಸುವ ಬದಲು

ಲೆಪ್ರಕಾನ್ ಹಿಡಿಯುವ ಬೋನು ಮಾಡಿಸೋದು, ಶ್ಯಾಮ್‌ರಾಕ್‌ಗೆ ಬಣ್ಣ ಹಚ್ಚಿಸೋದು ಎಲ್ಲ ಕಡೆ ಇದೆ. ನಾನು ಮಾಡಿಸುವುದು ಬೇರೆ. 1937ರಿಂದ 1939ರವರೆಗೆ ಐರ್ಲೆಂಡಿನ ಸುಮಾರು 5,000 ಪ್ರೈಮರಿ ಶಾಲೆಗಳ 50,000ಕ್ಕೂ ಹೆಚ್ಚು ಮಕ್ಕಳು ಮನೆಯ, ಊರಿನ ಹಿರಿಯರ ಬಾಯಿಂದ ಕಥೆ, ಗಾದೆ, ಮನೆಮದ್ದು, ಆಟಗಳನ್ನು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದರು. ಐದು ಆರನೇ ತರಗತಿಯ ಮಕ್ಕಳು! ಒಟ್ಟು ಸುಮಾರು 7,40,000 ಪುಟ. ದೂಖಸ್ ಎಂಬ ವೆಬ್‌ಸೈಟಿನಲ್ಲಿ ಆ ಮಕ್ಕಳ ಕೈಬರಹವನ್ನೇ ನೋಡಬಹುದು. ಒಂದೆರಡು ಪುಟ ಮುದ್ರಿಸಿಕೊಂಡು ಹೋಗಿ ಮಕ್ಕಳ ಕೈಗೆ ಕೊಡಿ. ತಮ್ಮ ವಯಸ್ಸಿನವರ ಬರಹ, ಅಲ್ಲಲ್ಲಿ ತಪ್ಪು ಸ್ಪೆಲ್ಲಿಂಗು, ಮೂಲೆಯಲ್ಲಿ ಕೇಳಿದವರ ಹೆಸರು, ಹೇಳಿದವರ ವಯಸ್ಸು.

ಆಮೇಲೆ ಪ್ರತಿ ಮಗುವಿಗೂ ಒಂದು ಖಾಲಿ ಹಾಳೆ. ಮೇಲೆ ಮೂರು ಗೆರೆ: ಯಾರು ಹೇಳಿದರು, ಅವರಿಗೆ ಎಷ್ಟು ವಯಸ್ಸು, ಅವರು ಯಾವ ಊರಿನಲ್ಲಿ ಇದನ್ನು ಕೇಳಿದರು. ಉಳಿದದ್ದು ಕಥೆಗೆ. ಎರಡು ವಾರ ಸಮಯ ಕೊಡಿ, ಯಾಕೆಂದರೆ ಕೆಲವರು ಬೇರೆ ದೇಶಕ್ಕೆ ಫೋನ್ ಮಾಡಬೇಕಾಗುತ್ತದೆ. ಹೋದ ವರ್ಷ ನಮ್ಮ ಕ್ಲಾಸಿಗೆ ಬಂದ ಹಾಳೆಗಳಲ್ಲಿ ಮೆಕ್ಸಿಕೋದ ನರಿ ಇತ್ತು, ವಿಯೆಟ್ನಾಮಿನ ಹುಲಿ ಇತ್ತು, ಒಬ್ಬ ಹುಡುಗನ ಮುತ್ತಜ್ಜಿ ಐರ್ಲೆಂಡಿನ ಗಾಲ್ವೇಯಿಂದ ತಂದ ಕೆಮ್ಮಿನ ಕಷಾಯ ಇತ್ತು. ನನ್ನ ಮಗಳು ತೀರ್ಥಹಳ್ಳಿಯ ಅಜ್ಜಿಗೆ ಫೋನ್ ಮಾಡಿ ಕಥೆ ಕೇಳಿಕೊಂಡಳು. ಅಜ್ಜಿ ಕಥೆ ಹೇಳಿ ಮುಗಿಸಿದವರು, ನೀನು ಏನೋ ಹೊಸ ಕಥೆ ಓದಿದೆಯಂತಲ್ಲ, ಅದನ್ನು ಹೇಳು ಎಂದರು. ಅವಳು ಫೋನಿನಲ್ಲೇ ಊನಾಳ ರೊಟ್ಟಿಯ ಕಥೆ ಶುರುಮಾಡಿದಳು, ಕನ್ನಡದಲ್ಲಿ, "ಫದೋ, ಫದೋ" ಅಂತ.

ಪುಸ್ತಕಗಳನ್ನು ಜನವರಿಯಲ್ಲೇ ಲೈಬ್ರರಿಯಲ್ಲಿ ಕಾಯ್ದಿರಿಸಿ. ಮಾರ್ಚ್ ಮೊದಲ ವಾರ ಹೋದರೆ ಹಸಿರು ಟೋಪಿಯವು ಮಾತ್ರ ಉಳಿದಿರುತ್ತವೆ.